ದೊಡ್ಡಕ್ಕನ ಮುಖಕ್ಕೆ ಟಚಿಂಗ್

"ಸೀಸದ ಕಡ್ಡಿ ಹಿಡಿದು ಮೂವತ್ತು ವರ್ಷ ಆಳಿದ ಕೈ ಇದು! ಈ ಪ್ಲಾಸ್ಟಿಕ್ ಕಡ್ಡಿ ನನಗ್ಯಾವ ಲೆಕ್ಕ!"

ಬೆಳಿಗ್ಗೆ ಎಂಟು ಗಂಟೆಗೆ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಹಲ್ಲುಜ್ಜುವ ಬ್ರಷ್ಷನ್ನೇ ಬಾವುಟದಂತೆ ಎತ್ತಿ ಹಿಡಿದು ಟಚಿಂಗಪ್ಪ ಹೀಗೆ ಗುಡುಗಿದ. ಗುಡುಗಿನ ಹಿಂದೆಯೇ ನೊರೆಯ ಮಳೆಯೂ ಬಿತ್ತು. ಎದುರಿಗೆ ನಿಂತಿದ್ದ ಹೆಂಡತಿ ಟವೆಲ್ಲಿನಿಂದ ಮುಖ ಒರೆಸಿಕೊಂಡಳು.

"ಮೊದಲು ಉಗುಳಿ, ಆಮೇಲೆ ಆಳಿ," ಎಂದಳು.

ಟಚಿಂಗಪ್ಪ ಎನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟಿದ್ದು. ಫೋಟೋಗಳೆಲ್ಲ ಫಿಲ್ಮಿನಲ್ಲಿದ್ದ ಕಾಲದಲ್ಲಿ ನೆಗೆಟಿವ್ ತೊಳೆದ ಮೇಲೆ, ಪ್ರಿಂಟು ಹಾಕುವ ಮೊದಲು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಅದರ ಮೇಲೆ ತಿದ್ದುವ ಕೆಲಸವೊಂದಿತ್ತು. ಅದಕ್ಕೆ ಟಚಿಂಗ್ ಅನ್ನುತ್ತಿದ್ದರು. ಮೊಡವೆ, ಸುಕ್ಕು, ಸಿಡುಬಿನ ಕಲೆ, ನಿದ್ದೆಗೆಟ್ಟ ಕಣ್ಣು, ಎಲ್ಲವೂ ಅವನ ಪೆನ್ಸಿಲ್ಲಿನ ಮೊನೆಯಲ್ಲಿ ಮಾಯ. ಅವನ ಕೈಯಲ್ಲಿ ಚೆಂದವಾದ ಮುಖಗಳು ಸಾವಿರಾರು. ಮದುವೆಯಾದ ಮೇಲೆ ನಿಜವಾದ ಮುಖ ನೋಡಿ ಹೌಹಾರಿದವರೂ ಅಷ್ಟೇ ಜನ.

ಆಮೇಲೆ ಫಿಲ್ಮು ಸತ್ತಿತು. ಅದರ ಜೊತೆ ಟಚಿಂಗೂ ಸತ್ತಿತು. ಅವನ ಸ್ಟುಡಿಯೋ ಮಗಳ ಕೈಗೆ ಬಂತು. ಅವಳು ಟ್ಯಾಬ್ ತಂದಳು, ಅದಕ್ಕೊಂದು ಸ್ಟೈಲಸ್ ತಂದಳು. ಗಾಜಿನ ಹಲಗೆ, ಅದರ ಮೇಲೆ ಗೀಚುವ ಕಡ್ಡಿ. ಹೆಂಡತಿ ಕೌಂಟರಿನಲ್ಲಿ ಕೂತಳು. ಟಚಿಂಗಪ್ಪನಿಗೆ ಉಳಿದದ್ದು ಬಲ್ಬು ಬದಲಾಯಿಸುವುದು, ಬಾಗಿಲ ಗಾಜು ಒರೆಸುವುದು, ಬಂದವರಿಗೆ "ಕೂತ್ಕೊಳಿ" ಅನ್ನುವುದು. ಎರಡು ವರ್ಷದಿಂದ ಅವನದು ಒಂದೇ ಬೇಡಿಕೆ: ಒಳಕೋಣೆಯಲ್ಲಿ ತನಗೊಂದು ಕುರ್ಚಿ, ಒಂದು ಮೇಜು, ಕೈಗೊಂದು ಕೆಲಸ. ಮಗಳದು ಒಂದೇ ಉತ್ತರ: "ನೋಡೋಣಪ್ಪ." ಮನವಿ ಪತ್ರ ಹಿಡಿದು ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿಳಿದವರಿಗೆಲ್ಲ ಈ "ನೋಡೋಣ" ಎಂಬ ಮಾತಿನ ತೂಕ ಚೆನ್ನಾಗಿ ಗೊತ್ತು. ಅದಕ್ಕಿಂತ "ಆಗಲ್ಲ, ಹೋಗು" ಎಂಬುದು ಎಷ್ಟೋ ವಾಸಿ!

ಅವತ್ತು ಮಾತ್ರ ಆಳುವವರೇ ಇಕ್ಕಟ್ಟಿಗೆ ಸಿಕ್ಕಿಕೊಂಡರು. ಶಾಲೆಯವರು ಗ್ರೂಪ್ ಫೋಟೋದ ದಿನವನ್ನು ದಿಢೀರನೆ ಅವತ್ತಿಗೇ ಎಳೆದು, ಬೆಳಿಗ್ಗೆಯೇ ಬನ್ನಿ ಎಂದು ಮಗಳನ್ನು ಕರೆದಿದ್ದರು. ಇತ್ತ ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಅವತ್ತೇ ನಿವೃತ್ತಿ. ಡಾಕ್ಟರಿಂದ ಜಾಡಮಾಲಿಯವರೆಗೆ ಎಲ್ಲರೂ ಆಕೆಯನ್ನು ದೊಡ್ಡಕ್ಕ ಎನ್ನುತ್ತಿದ್ದರು. ಸಿಬ್ಬಂದಿಯೆಲ್ಲ ಸೇರಿ ಆಕೆಯ ಆಳೆತ್ತರದ ಫೋಟೋ ಮಾಡಿಸಿ ವಾರ್ಡಿನ ಗೋಡೆಗೆ ಹಾಕಿಸುತ್ತಿದ್ದರು. ಸಂಜೆ ನಾಲ್ಕಕ್ಕೆ ಪರದೆ ಎಳೆಯುವ ಸಮಾರಂಭ. ಫೋಟೋ ತೆಗೆದಾಗಿತ್ತು. ತಿದ್ದುವುದು ಬಾಕಿ.

"ಅಪ್ಪಾ, ಸರಿಯಾಗಿ ಕೇಳಿಸ್ಕೋ," ಎಂದಳು ಮಗಳು, ಕ್ಯಾಮೆರಾ ಚೀಲ ಹೆಗಲಿಗೇರಿಸುತ್ತ. "ತೋಳಿನ ಮೇಲೆ ಔಷಧಿ ಕಲೆ ಇದೆ. ಅದನ್ನ ತೆಗಿ. ಅಷ್ಟೇ. ಮುಖಕ್ಕೆ ಕೈ ಹಾಕ್ಬೇಡ."

"ಮುಖಕ್ಕೆ ಕೈ ಹಾಕದೆ ಟಚಿಂಗ್ ಎಂಥದ್ದು?"

"ಟಚಿಂಗ್ ಬೇಡ ಅಂತಲೇ ಹೇಳ್ತಿರೋದು! ಇಲ್ಲಿ ನೋಡು. ಫೋಟೋದ ಮೇಲೆ ಒಂದು ಗಾಜಿನ ಹಾಳೆ ಹಾಸಿದೀನಿ ಅಂದ್ಕೋ. ನೀನು ಗೀಚೋದೆಲ್ಲ ಆ ಹಾಳೆ ಮೇಲೆ. ಕೆಳಗಿರೋ ಫೋಟೋಗೆ ಏನೂ ಆಗಲ್ಲ. ಪಕ್ಕದಲ್ಲಿ ಕಣ್ಣಿನ ಚಿತ್ರ ಇದೆಯಲ್ಲ, ಅದು ತೆರೆದಿದ್ರೆ ಹಾಳೆ ಕಾಣುತ್ತೆ, ಮುಚ್ಚಿದ್ರೆ ಮಾಯ. ಕೆಲಸ ಮುಗಿದ ಮೇಲೆ ಈ ಬಾಣ ಒತ್ತು, ಪ್ರಿಂಟಿನವನಿಗೆ ಹೋಗುತ್ತೆ. ಮಧ್ಯಾಹ್ನ ಒಂದು ಗಂಟೆ ಒಳಗೆ ಹೋಗ್ಬೇಕು. ಅವನು ಫ್ರೇಮ್ ಹಾಕಿ ಸೀದಾ ಆಸ್ಪತ್ರೆಗೇ ಒಯ್ತಾನೆ."

"ಸರಿಯಾದ್ರೆ ಕುರ್ಚಿ?"

"ಸರಿಯಾದ್ರೆ ಕುರ್ಚಿ, ಮೇಜು ಎರಡೂ. ಕೆಟ್ರೆ ಇನ್ನು ಈ ಕೋಣೆ ಹೊಸಿಲು ತುಳೀಬಾರದು. ಒಪ್ಪಿಗೆನಾ?"

"ಒಪ್ಪಿಗೆ!"

ಮಗಳ ಸ್ಕೂಟರಿನ ಸದ್ದು ತಿರುವಿನಲ್ಲಿ ಕರಗುವ ಮೊದಲೇ ಟಚಿಂಗಪ್ಪ ಒಳಕೋಣೆ ಹೊಕ್ಕು ಕುರ್ಚಿಯ ಮೇಲೆ ಕೂತ. ಕೂತ ಎನ್ನುವುದಕ್ಕಿಂತ ವಶಪಡಿಸಿಕೊಂಡ ಎನ್ನಬೇಕು.

ಮೊದಲ ಅರ್ಧ ಗಂಟೆ ಕಾಳಗವೇ ನಡೆಯಿತು. ಹಳೆಯ ಚಾಳಿಯಂತೆ ಕಡ್ಡಿಯ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡು ಗಾಜಿಗೆ ಇಟ್ಟ. ಎಂಜಲು ತಗುಲಿದ್ದೇ ಟ್ಯಾಬು ಬೆಚ್ಚಿಬಿದ್ದು ದೊಡ್ಡಕ್ಕನ ಮೂಗನ್ನು ಬಾಗಿಲಷ್ಟು ದೊಡ್ಡದು ಮಾಡಿ ತೋರಿಸಿತು. ಅಂಗೈ ಊರಿದರೆ ದೊಡ್ಡಕ್ಕ ಮೇಲಕ್ಕೆ ಹಾರಿದಳು. ಹೆಬ್ಬೆರಳು ತಾಗಿದರೆ ಗಿರ್ರನೆ ತಿರುಗಿ ತಲೆಕೆಳಗಾಗಿ ನಿಂತಳು. "ನಿಂತ್ಕೋ ತಾಯಿ, ಒಂದ್ನಿಮಿಷ ನಿಂತ್ಕೋ!" ಎಂದು ಬೇಡಿಕೊಂಡ. ಆಸ್ಪತ್ರೆಯಲ್ಲಿ ಯಾರ ಮಾತನ್ನೂ ಕೇಳದ ಹೆಂಗಸು ಇವನ ಮಾತು ಕೇಳುತ್ತಾಳೆಯೇ!

ಹತ್ತು ಗಂಟೆಯ ಹೊತ್ತಿಗೆ ಅಂತೂ ಹಿಡಿತ ಸಿಕ್ಕಿತು. ತೋಳಿನ ಕಲೆ ಹೋಯಿತು. ಮಗಳು ಹೇಳಿದ ಕೆಲಸ ಮುಗಿಯಿತು. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೆ ಬಾಣ ಒತ್ತಿ ಎದ್ದು ಬರುತ್ತಿದ್ದ.

ಆದರೆ ಹಣೆಯ ಮೇಲೆ ಮೂರು ಗೆರೆ! ಕಣ್ಣ ಕೆಳಗೆ ಎರಡು ಚೀಲ! ಮೂವತ್ತು ವರ್ಷದ ಕೈ ಸುಮ್ಮನಿರುತ್ತದೆಯೇ? ತುರಿಸತೊಡಗಿತು. ತೊಂದರೆ ಒಂದೇ. ಬಣ್ಣದ ಮುಖದ ಮೇಲೆ ಅವನಿಗೆ ಕೆಲಸ ಮಾಡಿ ಗೊತ್ತಿರಲಿಲ್ಲ. ಅವನ ಕಣ್ಣಿಗೆ ಮುಖ ಅಂದರೆ ನೆಗೆಟಿವ್. ಕಪ್ಪು ಬೆಳ್ಳಗಿರಬೇಕು, ಬಿಳಿ ಕಪ್ಪಗಿರಬೇಕು. ಆಗಲೇ ಯಾವ ಸುಕ್ಕು ಎಲ್ಲಿ ಬಚ್ಚಿಟ್ಟುಕೊಂಡಿದೆ ಅಂತ ಅವನಿಗೆ ಕಾಣುವುದು. ಟ್ಯಾಬಿನಲ್ಲಿ ಅದಕ್ಕೂ ಒಂದು ಗುಂಡಿ ಇತ್ತು, ಒತ್ತಿದ. ಇನ್ನೊಂದು ಗುಂಡಿ ಒತ್ತಿ ಫೋಟೋದ ಎಡವನ್ನು ಬಲಕ್ಕೆ, ಬಲವನ್ನು ಎಡಕ್ಕೆ ಹೊರಳಿಸಿದ. ಯಾಕೆಂದರೆ ಪೆನ್ಸಿಲ್ ಹಿಡಿಯುವುದು ಚಿತ್ರ ಮೂಡಿಸುವ ಮಸಾಲೆ ಮೆತ್ತಿದ ಫಿಲ್ಮಿನ ಬೆನ್ನಿನ ಮೇಲೆ. ಆ ಕಡೆಯಿಂದ ನೋಡಿದರೆ ಮುಖ ಯಾವಾಗಲೂ ಹೊರಳಿಯೇ ಇರುತ್ತದೆ. ಈಗ ಸರಿಹೋಯಿತು. ಟ್ಯಾಬಿನ ಮೇಲೆ ತನ್ನ ಹಳೇ ಲೋಕವೇ ಎದ್ದು ಕೂತಿತು!

ಕೈಗೆ ಜೀವ ಬಂತು. ಹಣೆಯ ಮೂರು ಗೆರೆಗಳ ಎತ್ತಂಗಡಿಯಾಯಿತು. ಕಣ್ಣ ಕೆಳಗಿನ ಚೀಲಗಳು ಖಾಲಿಯಾದವು. ಗಲ್ಲದ ಕೆಳಗೆ ಇನ್ನೊಂದು ಗಲ್ಲ ಅಕ್ರಮವಾಗಿ ಮನೆ ಕಟ್ಟಿಕೊಂಡಿತ್ತಲ್ಲ, ಅದರ ತೆರವು ಕಾರ್ಯಾಚರಣೆಗೇ ಮುಕ್ಕಾಲು ಗಂಟೆ ಹಿಡಿಯಿತು. ಹೆಂಡತಿ ತಂದಿಟ್ಟ ಟೀ ಮೇಲೆ ಕೆನೆ ಕಟ್ಟಿತು. ಕತ್ತು ಹಿಡಿದುಕೊಂಡಿತು. ಕಣ್ಣಲ್ಲಿ ನೀರು ಸುರಿಯಿತು. ಬಿಡಲಿಲ್ಲ ಟಚಿಂಗಪ್ಪ!

ಒಂದು ಗಂಟೆಗೆ ಎಂಟು ನಿಮಿಷ ಇದೆ ಎನ್ನುವಾಗ ಹೆಂಡತಿ ಒಳಗೆ ಬಂದಳು. ಬಂದವಳೇ ಚೀರಿದಳು.

"ಅಯ್ಯಯ್ಯೋ! ಇದ್ಯಾರ್ರೀ ಇದು! ಕರೀ ಹಲ್ಲು, ಬಿಳೀ ಕಣ್ಣುಗುಡ್ಡೆ! ಒಳ್ಳೇ ಹೆಂಗಸನ್ನ ದೆವ್ವ ಮಾಡಿಟ್ಟಿದೀರಲ್ರೀ!"

"ಬಾಯ್ಮುಚ್ಚೇ. ಇದು ನೆಗೆಟಿವ್. ಈಗ ನೋಡು." ಗುಂಡಿ ಒತ್ತಿದ. ಬಣ್ಣ ವಾಪಸ್ ಬಂತು.

ಓದುವವರು ಇಲ್ಲೊಂದು ಗಳಿಗೆ ಉಸಿರು ಹಿಡಿಯಬೇಕು. ಬಣ್ಣ ವಾಪಸ್ ಬಂತು, ಮಗ್ಗುಲು ವಾಪಸ್ ಬರಲಿಲ್ಲ! ಹೊರಳಿಸಿದ ಮುಖ ಹೊರಳಿದ ಹಾಗೆಯೇ ಇತ್ತು. ಟಚಿಂಗಪ್ಪನಿಗೆ ಅದು ತಲೆಗೇ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಹಿಂದೆಲ್ಲ ಫಿಲ್ಮಿನ ಮಸಾಲೆ ಬೆನ್ನನ್ನು ಕಾಗದದ ಕಡೆ ಮಾಡಿ ಪ್ರಿಂಟು ಹಾಕಿದರೆ ಮುಖ ತಾನಾಗಿಯೇ ನೆಟ್ಟಗಾಗುತ್ತಿತ್ತು. ಅದನ್ನು ತಿರುಗಿಸಿಡುವುದು ಯಾವತ್ತೂ ಅವನ ಕೆಲಸವಾಗಿರಲೇ ಇಲ್ಲ.

"ನೋಡು, ಇದು ಕೆಲಸ!" ಎಂದ ಎದೆಯುಬ್ಬಿಸಿ. ಹೆಂಡತಿ ಬಗ್ಗಿ ನೋಡಿದಳು.

"ಯಾರಿದು?"

"ದೊಡ್ಡಕ್ಕ ಕಣೇ!"

"ಅವರ ಮಗಳೇನೋ ಅಂದ್ಕೊಂಡೆ."

"ಅದೇ ಟಚಿಂಗ್ ಅಂದ್ರೆ! ಈಗ ನೋಡು, ಮೊದಲು ಹೇಗಿತ್ತು ತೋರಿಸ್ತೀನಿ." ಕಣ್ಣಿನ ಚಿತ್ರ ಮುಚ್ಚಿದ. ಸುಕ್ಕುಗಳೆಲ್ಲ ಎದ್ದು ಬಂದವು. ತೆರೆದ, ಮಾಯವಾದವು. "ಇದು ಮೊದಲು. ಇದು ಆಮೇಲೆ. ಇನ್ನೊಂದ್ಸಲ ನೋಡು, ಇದು ಮೊದಲು..."

"ಮೊದಲಿಂದೇ ಚೆನ್ನಾಗಿದೆಯಲ್ರೀ. ಗುರುತಾದ್ರೂ ಸಿಗುತ್ತೆ."

ಅಷ್ಟರಲ್ಲಿ ಫೋನು ಅರಚಿಕೊಂಡಿತು. ಪ್ರಿಂಟಿನವನು! "ಏನ್ ಸ್ವಾಮಿ, ಗಂಟೆ ಎಷ್ಟಾಯ್ತು? ಎರಡು ನಿಮಿಷದಲ್ಲಿ ಬರ್ಲಿಲ್ಲ ಅಂದ್ರೆ ಮಿಷಿನ್ನಿಗೆ ಬೇರೆ ಕೆಲಸ ಏರಿಸ್ತೀನಿ!"

"ಬಂತು, ಬಂತು, ಬಂತು!" ಎಂದು ಬಾಣದ ಗುರುತಿಗೆ ಕಡ್ಡಿಯಿಂದ ಕುಟ್ಟಿದ. ಹೋಯಿತು. ಹೆಂಡತಿ ಕೌಂಟರಿಗೆ ಹೋದಳು. ಟಚಿಂಗಪ್ಪ ಮತ್ತೆ ಕಣ್ಣು ತೆರೆಸಿ, ಸುಕ್ಕಿಲ್ಲದ ದೊಡ್ಡಕ್ಕನನ್ನು ಎದುರಿಗಿಟ್ಟುಕೊಂಡು, ಆರಿದ ಟೀಯನ್ನು ಅಮೃತದಂತೆ ಕುಡಿದ.

ಎರಡೂವರೆಗೆ ಮಗಳು ಬಂದಳು. ನಾನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗಂಟಲು ಕಟ್ಟಿತ್ತು. ಆದರೂ ಟ್ಯಾಬು ನೋಡಿದ ತಕ್ಷಣ ಗಂಟಲು ಬಿಚ್ಚಿಕೊಂಡಿತು.

"ಅಪ್ಪಾ! ಮುಖ ಏನ್ಮಾಡಿದೀಯ!"

"ನೋಡು, ಹೇಗಿದೆ? ಮೂವತ್ತು ವರ್ಷ ಇಳಿಸಿದೀನಿ!"

"ಇಳಿಸು ಅಂತ ಯಾರು ಹೇಳಿದ್ರು? ಮಚ್ಚೆ... ಅಪ್ಪಾ, ಮಚ್ಚೆ ಈ ಕೆನ್ನೆಗೆ ಯಾಕೆ ಬಂತು? ಎದೆಗೆ ಸಿಕ್ಕಿಸಿಕೊಂಡಿರೋ ನರ್ಸ್ ಗಡಿಯಾರನೂ ಈ ಕಡೆ? ಅಯ್ಯೋ, ಇಡೀ ಮನುಷ್ಯರನ್ನೇ ಹೊರಳಿಸಿಟ್ಟಿದೀಯಲ್ಲಪ್ಪಾ! ಇದನ್ನೇ ಕಳಿಸಿದ್ಯಾ?"

ಟಚಿಂಗಪ್ಪನ ಕೈಲಿದ್ದ ಕಡ್ಡಿ ಜಾರಿ ನೆಲಕ್ಕೆ ಬಿತ್ತು. ಆಗ ಹೊಳೆಯಿತು, ಬೆನ್ನು! ಮಸಾಲೆ ಬೆನ್ನು!

ಮಗಳು ಪ್ರಿಂಟಿನವನಿಗೆ ಫೋನು ಹಚ್ಚಿದಳು. ಅವನು ಹೆಮ್ಮೆಯಿಂದ ಹೇಳಿದ: "ಪ್ರಿಂಟಾಯ್ತು, ಫ್ರೇಮಾಯ್ತು, ಗೋಡೆಗೂ ಹೊಡೆದಾಯ್ತು. ಪರದೆ ಮುಚ್ಚಿ ಬಂದಿದೀನಿ. ನಮ್ಮಲ್ಲಿ ತಡ ಅನ್ನೋ ಮಾತೇ ಇಲ್ಲ!"

"ಸ್ಕೂಟರ್ ಹತ್ತಪ್ಪ," ಎಂದಳು ಮಗಳು.

ದಾರಿಯುದ್ದಕ್ಕೂ ಗಾಳಿಯಲ್ಲಿ ಅವಳ ಮಾತು ಹಿಂದಕ್ಕೆ ಚೂರುಚೂರಾಗಿ ಬಂದು ಟಚಿಂಗಪ್ಪನ ಮುಖಕ್ಕೆ ಬಡಿಯುತ್ತಿತ್ತು. "ಐದು ವರ್ಷದ ಹಿಂದೆ... ಇನ್ನೊಂದು ಸ್ಟುಡಿಯೋದವನು... ದೊಡ್ಡಕ್ಕನ ಮುಖ ನುಣ್ಣಗೆ ಮಾಡಿ ಕೊಟ್ಟಿದ್ದ. ಇಡೀ ವಾರ್ಡಿನ ಎದುರು ನಿಲ್ಲಿಸಿ, 'ಇದು ಯಾರ ಹೆಣ?' ಅಂತ ಕೇಳಿದ್ರಂತೆ! ಫ್ರೇಮು ಅವನ ಕತ್ತಿಗೇ ನೇತು ಹಾಕಿ ಕಳಿಸಿದ್ರಂತೆ! ಅವನೀಗ ಊರಲ್ಲೇ ಇಲ್ಲ!"

"ಮೊದಲೇ ಹೇಳ್ಬಾರ್ದಾ?"

"ಮುಖಕ್ಕೆ ಕೈ ಹಾಕ್ಬೇಡ ಅಂತ ಹೇಳಿದ್ನಲ್ಲಾ!"

ಆಸ್ಪತ್ರೆ ಸೇರಿದಾಗ ಮೂರೂಕಾಲು. ವಾರ್ಡಿನ ಮುಂದಿನ ಉದ್ದ ಹಜಾರದಲ್ಲಿ ಕುರ್ಚಿಗಳನ್ನು ಸಾಲು ಹಾಕಿದ್ದರು, ಜನ ಇನ್ನೂ ಬಂದಿರಲಿಲ್ಲ. ಗೋಡೆಯ ಮೇಲೆ ನೀಲಿ ಪರದೆ, ಅದರ ಹಿಂದೆ ಅವನ ಪಾಪ. ಮಗಳು ಬಾಗಿಲಲ್ಲಿ ಕಾವಲು ನಿಂತಳು. ಟಚಿಂಗಪ್ಪ ಒಂದು ಸ್ಟೂಲು ಎಳೆದು, ಹತ್ತಿ, ಪರದೆಯ ಹಿಂದೆ ಕೈ ತೂರಿಸಿ ಫ್ರೇಮನ್ನು ಕೊಕ್ಕೆಯಿಂದ ಎತ್ತಲು ನೋಡಿದ. ಬಿಚ್ಚಿ ಒಯ್ದು, "ಗಾಜು ಒಡೆದಿದೆ, ನಾಳೆ ಕೊಡ್ತೀವಿ" ಅಂದುಬಿಡುವ ಯೋಜನೆ. ಫ್ರೇಮು ಒಂದು ಬೆರಳಷ್ಟು ಮೇಲೆದ್ದಿತು. ಇನ್ನೊಂದು ಬೆರಳು...

"ಏನ್ ಯಜಮಾನ್ರೇ, ಗೋಡೆ ಹತ್ತಿದೀರಿ?"

ವಾಚ್‌ಮನ್! ಮಗಳು ಕಾಯುತ್ತಿದ್ದ ಬಾಗಿಲಲ್ಲಿ ಬಾರದೆ ಅಡುಗೆಮನೆಯ ಕಡೆಯಿಂದ ಬಂದಿದ್ದ. ಟಚಿಂಗಪ್ಪ ಫ್ರೇಮನ್ನು ಮತ್ತೆ ಕೊಕ್ಕೆಗೆ ಬಿಟ್ಟ. "ಅದು... ಸರಿಯಾಗಿ ಹಾಕಿದಾರಾ ಅಂತ... ಅಲ್ಲಾಡ್ತಿತ್ತು..."

"ಅಲ್ಲಾಡ್ತಿತ್ತಾ? ದೊಡ್ಡಕ್ಕನ ಫೋಟೋ ಅಲ್ಲಾಡೋದಾ? ಇಳೀರಿ ನೀವು!" ಎಂದವನೇ ಡ್ರಿಲ್ ತಂದು ಫ್ರೇಮಿನ ನಾಲ್ಕು ಮೂಲೆಗೂ ನಾಲ್ಕು ಸ್ಕ್ರೂ ಹೊಡೆದ. "ಇನ್ನು ಭೂಕಂಪ ಆದ್ರೂ ಬೀಳಲ್ಲ, ಹೆದರ್ಬೇಡಿ!" ಎಂದು ಟಚಿಂಗಪ್ಪನ ಬೆನ್ನು ತಟ್ಟಿ ಧೈರ್ಯ ಹೇಳಿದ.

ನಾಲ್ಕು ಗಂಟೆ. ಹಜಾರ ತುಂಬಿತು. ನಡೆಯಬಲ್ಲ ರೋಗಿಗಳು ಸಲೈನ್ ಬಾಟಲಿ ಹಿಡಿದೇ ಬಂದು ನಿಂತರು. ಅಪ್ಪ ಮಗಳು ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ. ಓಡಬೇಕಾಗಿ ಬಂದರೆ ಇರಲಿ ಅಂತ. ಡಾಕ್ಟರು ನಾಲ್ಕು ಮಾತಾಡಿ ಪರದೆಯ ದಾರಕ್ಕೆ ಕೈ ಹಾಕಿದರು. ದೊಡ್ಡಕ್ಕ ಆ ಕೈ ಸರಿಸಿದಳು. ಗಿಡ್ಡ, ದಪ್ಪ, ಮೂವತ್ತಾರು ವರ್ಷ ಯಾರಿಗೂ ಜಗ್ಗದ ದೇಹ.

"ಬಿಡಿ. ನನ್ನ ಮುಖ ನಾನೇ ಬಿಚ್ತೀನಿ."

ಸರ್ರನೆ ಎಳೆದಳು.

ಟಚಿಂಗಪ್ಪ ಒಂದೇ ಕಣ್ಣು ತೆರೆದು ನೋಡಿದ. ಆಮೇಲೆ ಎರಡೂ ತೆರೆದ. ಹಣೆಯ ಮೇಲೆ ಮೂರು ಗೆರೆ! ಕಣ್ಣ ಕೆಳಗೆ ಎರಡು ಚೀಲ! ಎರಡನೇ ಗಲ್ಲ ತನ್ನ ಜಾಗದಲ್ಲಿ ಹಾಯಾಗಿ ಕೂತಿತ್ತು! ತೋಳಿನ ಮೇಲೆ ಔಷಧಿ ಕಲೆ ಕೂಡ! ಅವನ ಕೈಚಳಕ ಕೂದಲೆಳೆಯಷ್ಟೂ ಆ ಗೋಡೆಯ ಮೇಲೆ ಇರಲಿಲ್ಲ. ಮಗಳು ಅವನ ಕಿವಿಗೆ ಬಾಯಿಟ್ಟು, "ಕಣ್ಣು ಮುಚ್ಚಿದ್ದಾಗ ಕಳಿಸಿದೀಯ ನೀನು," ಎಂದಳು. ಹೌದು. ಹೆಂಡತಿಗೆ "ಇದು ಮೊದಲು" ಎಂದು ತೋರಿಸುತ್ತಿದ್ದಾಗಲೇ ಅಲ್ಲವೇ ಫೋನು ಬಂದದ್ದು! ಹೋದದ್ದು ಹಾಳೆಯಿಲ್ಲದ ಬರೀ ಫೋಟೋ. ಅದರಲ್ಲಿ ಅವನದು ಅಂತ ಉಳಿದದ್ದು ಒಂದೇ ಒಂದು: ಹೊರಳಿಸಿದ್ದು.

ಜನರಲ್ಲಿ ಗುಸುಗುಸು ಹುಟ್ಟಿತು. "ದೊಡ್ಡಕ್ಕ ಯಾಕೋ ಬೇರೆ ಥರ ಕಾಣ್ತಿದಾರೆ ಅಲ್ವಾ?" "ಹೂಂ, ಏನೋ ಒಂದು... ಏನು ಅಂತ ಗೊತ್ತಾಗ್ತಿಲ್ಲ." ದೊಡ್ಡಕ್ಕ ಕನ್ನಡಕ ಹಾಕಿಕೊಂಡಳು. ಫೋಟೋದ ಹತ್ತಿರ ಹೋದಳು. ಇನ್ನೂ ಹತ್ತಿರ ಹೋದಳು. ಮೂಗಿಗೆ ಮೂಗು ತಾಗುವಷ್ಟು. ಯಾರದೋ ಸಲೈನು ತೊಟ್ಟಿಕ್ಕುವುದು ಟಚಿಂಗಪ್ಪನಿಗೆ ಕೇಳಿಸುತ್ತಿತ್ತು.

"ಯಾರಿದನ್ನ ಮಾಡಿದ್ದು?"

ಆ ದನಿಗೆ ಹೊಸ ಡಾಕ್ಟರುಗಳು ಎರಡು ಹೆಜ್ಜೆ ಹಿಂದೆ ಸರಿದರು. ಮಗಳು ಎದ್ದು, "ಸ್ಟುಡಿಯೋ ನಂದು..." ಎನ್ನಲು ಹೊರಟಳು. ಟಚಿಂಗಪ್ಪ ಅವಳನ್ನು ಕೂರಿಸಿ ತಾನು ಎದ್ದು ನಿಂತ. ಹೋಗುವುದು ತನ್ನ ಕುರ್ಚಿ. ಅವಳ ಅಂಗಡಿ ಯಾಕೆ ಹೋಗಬೇಕು?

"ನಾನಮ್ಮ. ಮಗಳದ್ದೇನೂ ತಪ್ಪಿಲ್ಲ. ಅವಳು ಅಂಗಡೀಲೇ ಇರ್ಲಿಲ್ಲ. ಕಡ್ಡಿ ಹಿಡಿದಿದ್ದು ನಾನು."

"ಮುಂದೆ ಬನ್ನಿ."

ಕುರ್ಚಿಗಳ ನಡುವಿನ ಆ ಇಪ್ಪತ್ತು ಹೆಜ್ಜೆ! ಕತ್ತು ತಾನಾಗಿಯೇ ಫ್ರೇಮಿನ ಭಾರಕ್ಕೆ ಸಿದ್ಧವಾಗಿ ಬಗ್ಗಿತ್ತು.

"ಈ ಜೀವಮಾನದಲ್ಲಿ ಎಷ್ಟು ಫೋಟೋ ತೆಗೆಸಿದೀನೋ!" ಎಂದಳು ದೊಡ್ಡಕ್ಕ. "ಒಂದರಲ್ಲೂ ನಾನು ಇರ್ಲಿಲ್ಲ. ಯಾವಳೋ ನನ್ನ ತಂಗಿ ಥರದವಳು ನಿಂತಿರ್ತಿದ್ಲು. ದಿನಾ ಬೆಳಿಗ್ಗೆ ತಲೆ ಬಾಚ್ಕೊಳೋವಾಗ ಕನ್ನಡೀಲಿ ಒಬ್ಬಳು ಕಾಣ್ತಾಳಲ್ಲ, ಅವಳು ಫೋಟೋಗೆ ಸಿಕ್ಕಿದ್ದು ಇವತ್ತೇ ಮೊದಲು! ಗೆರೆ ಗೆರೆಯಾಗೇ ಇದೆ. ಕಲೆ ಸಮೇತ ಇದೆ. ಆ ಕಲೆ ಇಲ್ದೆ ನಾನ್ಯಾವತ್ತು ಡ್ಯೂಟಿ ಮಾಡಿದೀನಿ? ಹೇಳಿ, ಏನ್ ಮಾಡಿದ್ರಿ ನೀವಿದಕ್ಕೆ?"

ಟಚಿಂಗಪ್ಪನ ನಾಲಿಗೆಯ ತುದಿಗೆ ಎಲ್ಲವೂ ಒಟ್ಟಿಗೆ ನುಗ್ಗಿ ಬಂತು. ಮೂರು ಗೆರೆ, ಎರಡು ಚೀಲ, ಮುಕ್ಕಾಲು ಗಂಟೆಯ ಆ ಗಲ್ಲ, ಹಿಡಿದುಕೊಂಡ ಕತ್ತು, ಕೆನೆಗಟ್ಟಿದ ಟೀ! ಅಷ್ಟು ಕೆಲಸ ಇಡೀ ಬದುಕಿನಲ್ಲಿ ಮಾಡಿರಲಿಲ್ಲ ಅವನು. ಹಿಂದೆ ತಿರುಗಿ ನೋಡಿದ. ಕೊನೆಯ ಸಾಲಿನಲ್ಲಿ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ತಲೆಯನ್ನು ಬೇಡ ಬೇಡ ಎಂಬಂತೆ ಅಲ್ಲಾಡಿಸುತ್ತಿದ್ದಳು.

"ಏನೂ ಮಾಡಿಲ್ಲಮ್ಮ," ಎಂದ.

"ಕೇಳಿಸ್ಕೊಂಡ್ರಾ ಎಲ್ಲರೂ! ಏನೂ ಮಾಡಿಲ್ಲ ಅಂತ ಒಪ್ಕೊಳೋಕೂ ಎದೆ ಬೇಕು!"

ಚಪ್ಪಾಳೆ ಬಿತ್ತು. ಔಷಧಿ ಕೊಡುವ ಕಂಪೌಂಡರ್ ಮಾತ್ರ ಫೋಟೋ ಬಿಟ್ಟು ಕಣ್ಣು ಕೀಳಲಿಲ್ಲ. "ಆದ್ರೂ ದೊಡ್ಡಕ್ಕ, ಮಚ್ಚೆ ಆ ಕಡೆ ಕೆನ್ನೆ ಮೇಲಲ್ವಾ..."

"ನನ್ನ ಮಚ್ಚೆ ಎಲ್ಲಿದೆ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತೇನೋ?"

ಹಜಾರವೇ ನಕ್ಕಿತು. ಕಂಪೌಂಡರ್ ಕೆಂಪಾಗಿ ಕೂತುಬಿಟ್ಟ.

ವಾಪಸ್ ಬರುವಾಗ ಸಿಗ್ನಲ್ಲಿನಲ್ಲಿ ಸ್ಕೂಟರು ನಿಂತಾಗ ಮಗಳು ಹಿಂದೆ ತಿರುಗದೆಯೇ ಹೇಳಿದಳು: "ಮಾತು ಅಂದ್ರೆ ಮಾತು. ಕುರ್ಚಿ ನಿಂದೇ, ಮೇಜೂ ನಿಂದೇ. ಒಂದೇ ಷರತ್ತು. ಇವತ್ತು ಗೋಡೆ ಮೇಲೆ ಏನು ಮಾಡಿದೀಯೋ, ದಿನಾ ಅಷ್ಟೇ ಮಾಡ್ಬೇಕು."

ಗೆದ್ದೆನೋ ಸೋತೆನೋ ಎಂದು ತಿಳಿಯದೆ ಮೆರವಣಿಗೆಯ ಮುಂದೆ ನಡೆಯುವ ಮುಖಂಡನಂತಿತ್ತು ಟಚಿಂಗಪ್ಪನ ಮುಖ.

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಕೌಂಟರಿನ ಮುಂದೆ ನಾಲ್ವರು ನರ್ಸುಗಳು, ಹಿಂದೆ ಇಬ್ಬರು ಡಾಕ್ಟರುಗಳು ಬಂದು ನಿಂತರು. ಒಳಕೋಣೆಯಲ್ಲಿ ಟಚಿಂಗಪ್ಪ ಹೊಸ ಕುರ್ಚಿಯ ಮೇಲೆ ನೆಟ್ಟಗೆ ಕೂತು ಕಿವಿ ನಿಮಿರಿಸಿದ.

"ನಮ್ಮ ಫೋಟೋನೂ ಅವರೇ ಮಾಡ್ಬೇಕು," ಎಂದಳು ಮುಂದಿದ್ದ ನರ್ಸು. "ಅದೇ, ಆ ಏನೂ ಮಾಡದೋರು. ಇದ್ದಾರಾ?"

"ಇದ್ದಾರೆ, ಬನ್ನಿ ಬನ್ನಿ!" ಎಂದಳು ಹೆಂಡತಿ, ಒಳಕೋಣೆಗೆ ಕೇಳುವಷ್ಟು ಜೋರಾಗಿ. "ಮೂವತ್ತೈದು ವರ್ಷದಿಂದ ಮನೇಲಿ ನೋಡ್ತಾ ಇದೀನಿ. ಅವರಷ್ಟು ಅಚ್ಚುಕಟ್ಟಾಗಿ ಏನೂ ಮಾಡದೆ ಇರೋರು ಬೇರೆಲ್ಲೂ ಸಿಗಲ್ಲ!"